ಹಣ ಗಡಿ ದಾಟಿದಾಗ ಕಾನೂನು ಎಲ್ಲಿರುತ್ತದೆ

ಒಂದು ಜಾಲತಾಣದ ತಳದಿಂದ ಮಾತು ಶುರು ಮಾಡುತ್ತೇನೆ. ಬೇರೆ ಬೇರೆ ದೇಶಗಳ ಷೇರು, ಕರೆನ್ಸಿ, ಚಿನ್ನದ ವಹಿವಾಟನ್ನು ಆನ್‌ಲೈನ್‌ನಲ್ಲಿ ಮಾಡಿಕೊಡುತ್ತೇವೆ ಎನ್ನುವ ಯಾವುದಾದರೂ ಬ್ರೋಕರ್ ಕಂಪನಿಯ ತಾಣವನ್ನು ತೆರೆಯಿರಿ. ಮೇಲಿನ ಬಣ್ಣದ ಚಿತ್ರಗಳನ್ನೆಲ್ಲ ದಾಟಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದರೆ, ತಿಳಿಬೂದು ಬಣ್ಣದಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರಗಳ ಒಂದು ಪ್ಯಾರಾ ಸಿಗುತ್ತದೆ. ಮೇಲೆ ಕಾಣುವ ಹೆಸರು ಒಂದು, ಲಾಂಛನ ಒಂದು. ಈ ಪ್ಯಾರಾದಲ್ಲಿ ಮಾತ್ರ ಮೂರೋ ನಾಲ್ಕೋ ಕಂಪನಿಗಳಿರುತ್ತವೆ. ಒಂದು ಲಂಡನ್ನಿನಲ್ಲಿ ನೋಂದಣಿಯಾದದ್ದು, ಇನ್ನೊಂದು ಸೈಪ್ರಸ್‌ನಲ್ಲಿ, ಮತ್ತೊಂದು ಆಸ್ಟ್ರೇಲಿಯಾದಲ್ಲಿ, ಕೊನೆಯದು ಸೇಶೆಲ್ಸ್‌ನಲ್ಲೋ ವನುವಾಟುವಿನಲ್ಲೋ. ಖಾತೆ ತೆರೆಯುವಾಗ ನೀವು ಯಾವ ದೇಶದ ವಿಳಾಸ ಕೊಟ್ಟಿರೋ ಅದರ ಮೇಲೆ ಈ ನಾಲ್ವರಲ್ಲಿ ಯಾರ ಜೊತೆ ನಿಮ್ಮ ಕರಾರು ಎಂಬುದು ತೀರ್ಮಾನವಾಗುತ್ತದೆ, ಮತ್ತು ಬಹುಪಾಲು ಗ್ರಾಹಕರಿಗೆ ತಮ್ಮ ಕರಾರು ಯಾರ ಜೊತೆ ಆಯಿತು ಎಂಬುದು ಜಗಳ ಶುರುವಾಗುವವರೆಗೆ ಗೊತ್ತೇ ಇರುವುದಿಲ್ಲ.

ಇಂದಿನ ಉಪನ್ಯಾಸವನ್ನು ಆ ಬೂದು ಪ್ಯಾರಾದ ಮೇಲಿನ ವ್ಯಾಖ್ಯಾನ ಎಂದುಕೊಳ್ಳಿ. ಬ್ರಾಂಡಿಗೆ ಯಾರೂ ಪರವಾನಗಿ ಕೊಡುವುದಿಲ್ಲ. ಕೊಡುವುದು ಒಂದು ನಿರ್ದಿಷ್ಟ ಕಂಪನಿಗೆ, ಒಂದು ನಿರ್ದಿಷ್ಟ ದೇಶದ ಕಾನೂನಿನ ಅಡಿಯಲ್ಲಿ. ಹಣ ಒಂದು ಕ್ಷಣದಲ್ಲಿ ಗಡಿ ದಾಟುತ್ತದೆ, ಆದರೆ ಆ ಹಣಕ್ಕೆ ಇದ್ದ ರಕ್ಷಣೆ ಅದರ ಬೆನ್ನು ಹತ್ತಿ ಹೋಗುತ್ತದೆ ಎಂಬ ಖಾತರಿಯಿಲ್ಲ. ಎಲ್ಲಿ ಹೋಗುತ್ತದೆ, ಎಲ್ಲಿ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ ಎಂದು ನೋಡೋಣ.

ಮೊದಲಿಗೆ, ನಿಯಂತ್ರಣ ಬೇಕೇಕೆ? ಬೇರೆ ಸರಕನ್ನು ಕೊಳ್ಳುವವನು ಅದನ್ನು ಮುಟ್ಟಿ ನೋಡಬಹುದು, ತೂಗಿ ನೋಡಬಹುದು. ಹೂಡಿಕೆ ಎಂಬ ಸರಕು ಮಾರಾಟವಾಗುವ ಹೊತ್ತಿಗೆ ಇರುವುದೇ ಇಲ್ಲ. ಇರುವುದು ಅದರ ಕುರಿತ ಮಾತು ಮಾತ್ರ. ಅಮೆರಿಕದ ಕಾನ್ಸಸ್ ರಾಜ್ಯ 1911ರಲ್ಲಿ ಈ ಮಾತಿನ ವ್ಯಾಪಾರಕ್ಕೆ ಮೂಗುದಾರ ಹಾಕಲು ಒಂದು ಕಾಯ್ದೆ ತಂದಿತು. ಅದರ ಹಿಂದೆಯೇ ಬೇರೆ ರಾಜ್ಯಗಳಲ್ಲೂ ಬಂದ ಇಂಥ ಕಾಯ್ದೆಗಳಿಗೆ ‘ನೀಲಿ ಆಕಾಶದ ಕಾನೂನು’ಗಳೆಂದೇ ಹೆಸರಾಯಿತು, ಇಷ್ಟು ಅಡಿ ನೀಲಿ ಆಕಾಶವನ್ನು ಅಳೆದು ಮಾರುವಂಥ ಯೋಜನೆಗಳನ್ನು ತಡೆಯುವುದು ಅವುಗಳ ಉದ್ದೇಶವಾಗಿತ್ತು. ಇವುಗಳಲ್ಲಿ ಅನೇಕ ಕಾಯ್ದೆಗಳ ಪ್ರಕಾರ, ಜನರಿಗೆ ಮಾರಲು ಹೊರಟ ಷೇರು ಯೋಗ್ಯವೋ ಅಲ್ಲವೋ ಎಂದು ಸರ್ಕಾರಿ ಅಧಿಕಾರಿಯೇ ನೋಡಿ ಹೇಳಬೇಕಿತ್ತು.

ಇದು ಕೇಳಲು ಚೆನ್ನಾಗಿದೆ. ಆದರೆ ಅಧಿಕಾರಿಯ ಕಣ್ಣಿಗೂ ಮಿತಿಯಿದೆ. 1980ರ ಡಿಸೆಂಬರ್‌ನಲ್ಲಿ ಆಪಲ್ ಕಂಪ್ಯೂಟರ್ ಕಂಪನಿ ತಲಾ 22 ಡಾಲರ್‌ಗೆ ಷೇರು ಮಾರಲು ಬಂದಾಗ, ಬೆಲೆ ಅತಿಯಾಯಿತು, ಅಪಾಯ ಹೆಚ್ಚು ಎಂದು ಮ್ಯಾಸಚೂಸೆಟ್ಸ್ ರಾಜ್ಯದ ಅಧಿಕಾರಿಗಳು ತಮ್ಮ ರಾಜ್ಯದ ಜನರಿಗೆ ಅದನ್ನು ಮಾರದಂತೆ ತಡೆದರು. ನಗಬೇಡಿ, ಅವರ ಮುಂದಿದ್ದ ಲೆಕ್ಕದ ಪ್ರಕಾರ ಅವರದು ತಪ್ಪು ತೀರ್ಮಾನವೇನೂ ಆಗಿರಲಿಲ್ಲ, ಅದೇ ಅಳತೆಗೋಲಿನಿಂದ ಅವರು ತಡೆದ ಎಷ್ಟೋ ಟೊಳ್ಳು ಕಂಪನಿಗಳ ಹೆಸರು ಇಂದು ಯಾರಿಗೂ ನೆನಪಿಲ್ಲ.

ಅಮೆರಿಕದ ಕೇಂದ್ರ ಸರ್ಕಾರ 1929ರ ಕುಸಿತದ ನಂತರ ಬೇರೆ ದಾರಿ ಹಿಡಿಯಿತು. 1933ರ ಕಾಯ್ದೆ ಹೇಳಿದ್ದು ಇಷ್ಟು: ಕೆಟ್ಟ ಷೇರನ್ನು ಬೇಕಾದರೂ ಮಾರಿ, ಆದರೆ ಅದು ಎಷ್ಟು ಕೆಟ್ಟದ್ದು ಎಂಬುದನ್ನು ಬರೆದು ತಿಳಿಸಿ, ಸುಳ್ಳು ಬರೆದರೆ ಹೊಣೆ ನಿಮ್ಮದು. ಮರುವರ್ಷ ಹುಟ್ಟಿದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್‌ನ, ಅಂದರೆ ಷೇರುಪೇಟೆಯ ಕೇಂದ್ರ ನಿಯಂತ್ರಕ ಎಸ್‌ಇಸಿಯ ಮೊದಲ ಅಧ್ಯಕ್ಷರಾಗಿ ಅಮೆರಿಕದ ಅಂದಿನ ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟ್ ನೇಮಿಸಿದ್ದು ಜೋಸೆಫ್ ಕೆನಡಿಯವರನ್ನು. ಷೇರುಪೇಟೆಯ ಆಟಗಳನ್ನೆಲ್ಲ ಸ್ವತಃ ಆಡಿ ಹಣ ಮಾಡಿದ್ದವರಿಗೆ ಕಾವಲು ವಹಿಸಿದ್ದನ್ನು ಆಗ ಹಲವರು ಟೀಕಿಸಿದರು. ಕಳ್ಳದಾರಿ ಗೊತ್ತಿದ್ದವರೇ ಅದಕ್ಕೆ ಬೇಲಿ ಹಾಕಬಲ್ಲರು ಎಂಬ ಲೆಕ್ಕ ರೂಸ್‌ವೆಲ್ಟ್ ಅವರದ್ದಾಗಿದ್ದಿರಬೇಕು. ಕೆನಡಿಯವರ ಆಡಳಿತವಂತೂ ಕೆಟ್ಟ ಹೆಸರು ಗಳಿಸಲಿಲ್ಲ.

ಯೋಗ್ಯತೆ ನೋಡಿ ಬಿಡುವುದು ಒಂದು ಬಗೆ, ಮಾಹಿತಿ ಬಯಲು ಮಾಡಿಸಿ ಬಿಡುವುದು ಇನ್ನೊಂದು ಬಗೆ. ಜಗತ್ತಿನ ನಿಯಂತ್ರಣ ವ್ಯವಸ್ಥೆಗಳೆಲ್ಲ ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಂತಿವೆ. ಭಾರತದಲ್ಲಿ 1947ರ ಕಾಯ್ದೆಯಡಿ ಹೊಸ ಷೇರಿನ ಬಿಡುಗಡೆಗೆ, ಅದರ ಬೆಲೆಗೂ ಸೇರಿದಂತೆ, ಸರ್ಕಾರದ ಒಪ್ಪಿಗೆ ಬೇಕಿತ್ತು. ಆ ಕಾಯ್ದೆ ರದ್ದಾಗಿದ್ದು 1992ರಲ್ಲಿ, ಸೆಬಿಗೆ ಶಾಸನಬದ್ಧ ಅಧಿಕಾರ ಬಂದ ವರ್ಷವೇ. ಚೀನಾ ಎಲ್ಲ ಷೇರುಗಳಿಗೂ ಅನುಮೋದನೆಯ ಪದ್ಧತಿಯನ್ನು ಬಿಟ್ಟು ನೋಂದಣಿ ಪದ್ಧತಿಗೆ ಪೂರ್ತಿಯಾಗಿ ಬಂದಿದ್ದು 2023ರಲ್ಲಿ. ಒಟ್ಟಾರೆ ಚಲನೆ ಮಾಹಿತಿಯ ಕಡೆಗಿದೆ ಎನ್ನಬಹುದು. ಆದರೆ ಮಾಹಿತಿ ಕೊಟ್ಟರೆ ಸಾಕು ಎಂಬ ನಂಬಿಕೆಯೂ ಸಡಿಲವಾಗುತ್ತಿದೆ. ಅದು ಎಲ್ಲಿ ಸೋತಿತು ಎಂಬುದು ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ.

ಇನ್ನು ‘ಹೂಡಿಕೆ’ ಎಂದರೇನು ಎಂಬ ಪ್ರಶ್ನೆ. ಇದು ಪಂಡಿತರ ಪ್ರಶ್ನೆಯಂತೆ ಕಾಣುತ್ತದೆ, ಆದರೆ ನಿಯಂತ್ರಕನ ಅಧಿಕಾರ ಆರಂಭವಾಗುವುದೇ ಇಲ್ಲಿಂದ. 1940ರ ದಶಕದಲ್ಲಿ ಫ್ಲಾರಿಡಾದಲ್ಲಿ ಹೋವಿ ಎಂಬ ಕಂಪನಿ ತನ್ನ ಕಿತ್ತಳೆ ತೋಟವನ್ನು ಸಾಲುಸಾಲಾಗಿ ಮಾರುತ್ತಿತ್ತು. ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಹತ್ತಿರದ ಹೋಟೆಲಿಗೆ ಬಂದ ಪರ ರಾಜ್ಯದವರು, ಕೃಷಿಯ ಗಂಧ ಇಲ್ಲದವರು. ಕ್ರಯಪತ್ರದ ಜೊತೆಗೇ ಒಂದು ಸೇವಾ ಕರಾರು: ಗಿಡಗಳನ್ನು ನೋಡಿಕೊಳ್ಳುವುದು, ಹಣ್ಣು ಕೀಳುವುದು, ಮಾರುವುದು ಎಲ್ಲ ಕಂಪನಿಯದೇ, ಲಾಭದ ಪಾಲು ಕೊಂಡವರಿಗೆ. ನಾವು ಭೂಮಿ ಮಾರಿದ್ದೇವೆ, ಷೇರು ಮಾರಿಲ್ಲ ಎಂದು ಕಂಪನಿ ವಾದಿಸಿತು. ಸುಪ್ರೀಂ ಕೋರ್ಟ್ 1946ರಲ್ಲಿ ಅದನ್ನು ಒಪ್ಪಲಿಲ್ಲ. ಹಲವರ ಹಣ ಒಂದು ಸಾಮಾನ್ಯ ಉದ್ಯಮದಲ್ಲಿ ಸೇರಿ, ಬೇರೆಯವರ ದುಡಿಮೆಯಿಂದ ಲಾಭ ಬರುತ್ತದೆಂಬ ನಿರೀಕ್ಷೆ ಇದ್ದರೆ, ಅದಕ್ಕೆ ಯಾವ ಹೆಸರಿಟ್ಟರೂ ಅದು ಹೂಡಿಕೆಯ ಕರಾರೇ ಎಂದಿತು. ಎಂಬತ್ತು ವರ್ಷಗಳ ಹಿಂದಿನ ಈ ಕಿತ್ತಳೆ ತೋಟದ ತೀರ್ಪನ್ನೇ ಮುಂದಿಟ್ಟುಕೊಂಡು ಅಮೆರಿಕದ ಕೋರ್ಟುಗಳಲ್ಲಿ ಇಂದು ಕ್ರಿಪ್ಟೋ ಟೋಕನ್‌ಗಳ ಬಗ್ಗೆ ವಾದ ನಡೆಯುತ್ತದೆ.

ಯುರೋಪಿನ ಪದ್ಧತಿ ಬೇರೆ. ಅಲ್ಲಿನ ನಿರ್ದೇಶನಕ್ಕೆ, ಅಂದರೆ ಒಕ್ಕೂಟದ ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಕಾನೂನಿಗೆ, ಒಂದು ಅನುಬಂಧವಿದೆ. ಷೇರು, ಬಾಂಡ್, ಫಂಡಿನ ಯೂನಿಟ್, ಇಂತಿಂಥ ಡಿರೈವೇಟಿವ್ (ಬೇರೊಂದು ವಸ್ತುವಿನ ಬೆಲೆಯನ್ನು ಆಧರಿಸಿದ ಕರಾರು) ಎಂದು ಪಟ್ಟಿ ಮಾಡಿದೆ. ಪಟ್ಟಿಯಲ್ಲಿದ್ದರೆ ಕಾನೂನಿನ ಒಳಗೆ, ಇಲ್ಲದಿದ್ದರೆ ಹೊರಗೆ. ಕ್ರಿಪ್ಟೋ ಆ ಪಟ್ಟಿಯಲ್ಲಿ ಸರಿಯಾಗಿ ಕೂರಲಿಲ್ಲವಾದ್ದರಿಂದ ಅದಕ್ಕೆಂದೇ ಬೇರೆ ಕಾನೂನು ಬರೆಯಬೇಕಾಯಿತು. 2023ರಲ್ಲಿ ಅಂಗೀಕಾರವಾದ ಅದು 2024ರ ಕೊನೆಗೆ ಪೂರ್ಣವಾಗಿ ಜಾರಿಯಾಯಿತು. ಹೀಗೆ ಅಳತೆಗೋಲುಗಳೇ ಬೇರೆಯಾದ ಮೇಲೆ, ಒಂದೇ ವಸ್ತು ಒಂದು ದೇಶದಲ್ಲಿ ನಿಯಂತ್ರಿತ ಸರಕು, ಇನ್ನೊಂದರಲ್ಲಿ ನಿಷಿದ್ಧ, ಮೂರನೆಯದರಲ್ಲಿ ಯಾರೂ ಕೇಳದ ಅನಾಥ ಸರಕಾಗುವುದು ಸಹಜ.

ಉಸ್ತುವಾರಿ ಯಾರ ಕೈಯಲ್ಲಿ ಇರಬೇಕು ಎಂಬ ಚರ್ಚೆಯನ್ನು ಬೇಗ ಮುಗಿಸುತ್ತೇನೆ. ಸಿಂಗಪುರದಲ್ಲಿ ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿದೆ. ಆಸ್ಟ್ರೇಲಿಯಾ 1998ರಲ್ಲಿ ಸಂಸ್ಥೆಗಳ ಆರ್ಥಿಕ ಆರೋಗ್ಯಕ್ಕೆ ಒಬ್ಬರು, ಮಾರುಕಟ್ಟೆಯ ನಡತೆಗೆ ಇನ್ನೊಬ್ಬರು ಎಂದು ವಿಭಜಿಸಿತು. ಬ್ರಿಟನ್ 2013ರಲ್ಲಿ ಅದೇ ದಾರಿಗೆ ಬಂತು. ಅಮೆರಿಕದಲ್ಲಿ ಷೇರಿಗೆ ಎಸ್‌ಇಸಿ, ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಕಟ್ಟುವ ಫ್ಯೂಚರ್ಸ್ ಕರಾರುಗಳಿಗೆ 1974ರಿಂದ ಇನ್ನೊಂದು ಆಯೋಗ, ಅದರ ಮೇಲೆ ಐವತ್ತು ರಾಜ್ಯಗಳ ಅಧಿಕಾರಿಗಳು. ಈ ನಕ್ಷೆಗಳಿಗೆ ಪಠ್ಯಪುಸ್ತಕಗಳು ಕೊಡುವಷ್ಟು ಮಹತ್ವವನ್ನು ನಾನು ಕೊಡಲಾರೆ. ಜರ್ಮನಿಯಲ್ಲಿ ಇದ್ದದ್ದು ಒಂದೇ ದೊಡ್ಡ ಸಂಸ್ಥೆ, ಬಾಫಿನ್. ಆದರೂ ಅಲ್ಲಿನ ಪಾವತಿ ಸೇವೆಯ ಕಂಪನಿ ವೈರ್‌ಕಾರ್ಡ್‌ನ ಪ್ರಕರಣದಲ್ಲಿ ಆದದ್ದೇನು? ವೈರ್‌ಕಾರ್ಡ್ ಗುಂಪಿನ ಬ್ಯಾಂಕ್ ಮಾತ್ರ ತನ್ನ ಹಣಕಾಸು ಉಸ್ತುವಾರಿಗೆ ಬರುತ್ತದೆ, ಮಾತೃ ಕಂಪನಿ ತಂತ್ರಜ್ಞಾನದ ಕಂಪನಿ ಎಂದು ಬಾಫಿನ್ ನಂಬಿತ್ತು. 2019ರಲ್ಲಿ ಆ ಕಂಪನಿಯ ಲೆಕ್ಕದ ಬಗ್ಗೆ ಪತ್ರಿಕೆಯಲ್ಲಿ ಅನುಮಾನ ಬಂದಾಗ, ಷೇರು ಬೀಳುತ್ತದೆಂದು ಪಣ ಕಟ್ಟುವವರನ್ನು ಎರಡು ತಿಂಗಳು ನಿಷೇಧಿಸಿದ್ದಲ್ಲದೆ, ಬರೆದ ಪತ್ರಕರ್ತರ ಮೇಲೆಯೇ ದೂರು ಕೊಟ್ಟಿತು. 2020ರ ಜೂನ್‌ನಲ್ಲಿ, ಫಿಲಿಪ್ಪೀನ್ಸ್‌ನ ಖಾತೆಗಳಲ್ಲಿದೆ ಎಂದು ತೋರಿಸಿದ್ದ 190 ಕೋಟಿ ಯೂರೋ ಅಲ್ಲಿ ಇಲ್ಲವೇ ಇಲ್ಲ ಎಂದು ಬಯಲಾಯಿತು. ಸಂಸ್ಥೆ ಒಂದೇ ಇದ್ದರೂ, ಇದು ನನ್ನ ಕೆಲಸ ಎಂದುಕೊಳ್ಳುವವರು ಇಲ್ಲದಿದ್ದರೆ ನಕ್ಷೆ ಕಾಗದದ ಮೇಲೆಯೇ ಉಳಿಯುತ್ತದೆ.

ಈಗ ಗಡಿಗೆ ಬರೋಣ. ಒಂದು ದೇಶದ ಬ್ರೋಕರ್ ಇನ್ನೊಂದು ದೇಶದ ಗ್ರಾಹಕನಿಗೆ ಸೇವೆ ಕೊಡಬೇಕೆಂದರೆ ಅಲ್ಲಿಯೂ ಪರವಾನಗಿ ಪಡೆಯಬೇಕೆಂಬುದು ಮೂಲ ನಿಯಮ. ಯುರೋಪಿನ ಒಕ್ಕೂಟ ಈ ನಿಯಮವನ್ನು ತನ್ನ ಒಳಗಡೆ ತೆಗೆದುಹಾಕಿತು. 1993ರ ಹೂಡಿಕೆ ಸೇವೆಗಳ ನಿರ್ದೇಶನ, ಅದರ ಜಾಗಕ್ಕೆ 2007ರ ನವೆಂಬರ್‌ನಲ್ಲಿ ಬಂದ ಮಿಫಿಡ್, 2018ರ ಜನವರಿಯಲ್ಲಿ ಬಂದ ಅದರ ಎರಡನೆಯ ಆವೃತ್ತಿ, ಈ ಮೂರರ ತಿರುಳೂ ಒಂದೇ: ಒಂದು ಸದಸ್ಯ ದೇಶದಲ್ಲಿ ಪಡೆದ ಪರವಾನಗಿ ಎಲ್ಲ ಸದಸ್ಯ ದೇಶಗಳಿಗೂ ಸಲ್ಲುತ್ತದೆ. ಇದಕ್ಕೆ ‘ಪಾಸ್‌ಪೋರ್ಟ್’ ಎಂದೇ ಕರೆಯುತ್ತಾರೆ. ಉಸ್ತುವಾರಿ ಮುಖ್ಯವಾಗಿ ಪರವಾನಗಿ ಕೊಟ್ಟ ತವರು ದೇಶದ್ದು.

ಇದರ ಫಲ ಏನಾಯಿತೆಂದರೆ, 2004ರಲ್ಲಿ ಒಕ್ಕೂಟ ಸೇರಿದ ಸಣ್ಣ ದ್ವೀಪ ಸೈಪ್ರಸ್, ಆನ್‌ಲೈನ್ ಬ್ರೋಕರ್ ಕಂಪನಿಗಳ ತವರಾಯಿತು. ಅಲ್ಲಿ ಕೂತು ಜರ್ಮನಿ, ಇಟಲಿ, ಪೋಲೆಂಡ್‌ನ ಮನೆಮನೆಗೂ ‘ಸಿಎಫ್‌ಡಿ’ ಮಾರಬಹುದಾಯಿತು. ಸಿಎಫ್‌ಡಿ ಎಂದರೆ ವಸ್ತುವನ್ನು ಕೊಳ್ಳದೆ, ಅದರ ಬೆಲೆಯ ಏರಿಳಿತದ ವ್ಯತ್ಯಾಸಕ್ಕಷ್ಟೇ ಮಾಡಿಕೊಳ್ಳುವ ಕರಾರು. ಮಿಲಾನಿನ ಗ್ರಾಹಕ ತನ್ನ ದೇಶದ ಅಧಿಕಾರಿಗೆ ದೂರು ಕೊಟ್ಟರೆ, ಸೈಪ್ರಸ್‌ನ ರಾಜಧಾನಿ ನಿಕೋಸಿಯಾಗೆ ಬರೆಯಿರಿ ಎಂಬ ಉತ್ತರ ಬರುತ್ತಿತ್ತು.

ಇಲ್ಲಿ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಈ ವ್ಯಾಪಾರದ ಜೀವಾಳ ಲೆವರೇಜ್, ಅಂದರೆ ಕೈಯಲ್ಲಿರುವ ಹಣದ ಎಷ್ಟು ಪಟ್ಟು ವಹಿವಾಟು ಮಾಡಲು ಬಿಡುತ್ತಾರೆ ಎಂಬುದು. 1,000 ಡಾಲರ್ ಇಟ್ಟು ಮೂವತ್ತು ಪಟ್ಟು ವಹಿವಾಟು ಮಾಡಿದರೆ ನಿಮ್ಮ ಪಣ 30,000 ಡಾಲರ್. ಬೆಲೆ ಶೇ 3.3ರಷ್ಟು ಎದುರಾಗಿ ಸರಿದರೆ ಇಟ್ಟ ಹಣ ಪೂರ್ತಿ ಹೋಗುತ್ತದೆ. ಐನೂರು ಪಟ್ಟು ಮಾಡಿದರೆ ಪಣ ಐದು ಲಕ್ಷ, ಹಣ ಮುಗಿಯಲು ಶೇ 0.2ರ ಚಲನೆ ಸಾಕು. ಕರೆನ್ಸಿ ಪೇಟೆಯಲ್ಲಿ ಅಷ್ಟು ಚಲನೆ ಒಂದು ಗಂಟೆಯೊಳಗೇ ಆಗಬಹುದು. ಪ್ರಮುಖ ಕರೆನ್ಸಿಗಳಿಗೆ ಸಾಮಾನ್ಯ ಗ್ರಾಹಕನ ಮಟ್ಟಿಗೆ ಅಮೆರಿಕದ ಮಿತಿ ಐವತ್ತು ಪಟ್ಟು, ಜಪಾನಿನದು 2011ರಿಂದ ಇಪ್ಪತ್ತೈದು ಪಟ್ಟು. ಯುರೋಪಿನಲ್ಲಿ ಒಕ್ಕೂಟದ ಮಟ್ಟದ ಮಿತಿ ಬಹುಕಾಲ ಇರಲೇ ಇಲ್ಲ.

2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂಬ ತನ್ನ ಕಟ್ಟನ್ನು ಮುನ್ಸೂಚನೆ ಇಲ್ಲದೆ ಬಿಟ್ಟುಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಫ್ರಾಂಕ್ ಏರಿದ ವೇಗಕ್ಕೆ ಗ್ರಾಹಕರು ಇಟ್ಟ ಹಣ ಹೋದದ್ದಷ್ಟೇ ಅಲ್ಲ, ಅವರು ಬ್ರೋಕರ್‌ಗೇ ಸಾಲಗಾರರಾದರು; ಆ ಸಾಲ ವಸೂಲಾಗದೆ ಬ್ರೋಕರ್ ಕಂಪನಿಗಳೂ ಮುಳುಗಿದವು. ಮೂರು ವರ್ಷಗಳ ನಂತರ, 2018ರಲ್ಲಿ, ಪ್ಯಾರಿಸ್ಸಿನಲ್ಲಿರುವ ಯುರೋಪಿನ ಮಾರುಕಟ್ಟೆ ಪ್ರಾಧಿಕಾರ ಎಸ್ಮಾ ಕೈ ಹಾಕಿತು. ಸಾಮಾನ್ಯ ಗ್ರಾಹಕರಿಗೆ ಬೈನರಿ ಆಪ್ಷನ್ (ಬೆಲೆ ಏರುತ್ತದೋ ಇಳಿಯುತ್ತದೋ ಎಂದು, ಗೆದ್ದರೆ ನಿಗದಿತ ಮೊತ್ತ, ಸೋತರೆ ಏನೂ ಇಲ್ಲ ಎಂಬಂತೆ ಕಟ್ಟುವ ಪಣ) ಮಾರುವುದನ್ನು ಜುಲೈ 2ರಿಂದ ನಿಷೇಧಿಸಿತು. ಆಗಸ್ಟ್ 1ರಿಂದ ಸಿಎಫ್‌ಡಿಗೆ ಮೂವತ್ತು ಪಟ್ಟಿನ ಗರಿಷ್ಠ ಮಿತಿ ತಂದಿತು, ಇಟ್ಟ ಹಣಕ್ಕಿಂತ ಹೆಚ್ಚು ನಷ್ಟ ಗ್ರಾಹಕನ ತಲೆಗೆ ಬರಬಾರದು ಎಂದಿತು. ಈ ವ್ಯವಹಾರದಲ್ಲಿ ಸಾಮಾನ್ಯ ಗ್ರಾಹಕರ ಖಾತೆಗಳ ಪೈಕಿ ಶೇ 74ರಿಂದ 89ರಷ್ಟು ನಷ್ಟದಲ್ಲಿವೆ ಎಂಬ ಅಂಕಿ ಆಗ ಹೊರಬಂತು. ಪ್ರತಿ ಕಂಪನಿಯೂ ತನ್ನ ಗ್ರಾಹಕರಲ್ಲಿ ಶೇಕಡ ಎಷ್ಟು ಜನ ಕಳೆದುಕೊಂಡಿದ್ದಾರೆ ಎಂದು ಜಾಹೀರಾತಿನಲ್ಲೇ ಹಾಕಬೇಕಾಯಿತು. ಮಾಹಿತಿ ಕೊಟ್ಟರೆ ಸಾಕು ಎಂಬ ನಂಬಿಕೆ ಸೋತಿತು ಎಂದೆನಲ್ಲ, ಅದು ಇಲ್ಲಿ. ಹತ್ತರಲ್ಲಿ ಎಂಟು ಜನ ಕಳೆದುಕೊಂಡಿದ್ದಾರೆ ಎಂದು ಓದಿದವನು ತಾನು ಉಳಿದ ಇಬ್ಬರಲ್ಲಿ ಒಬ್ಬ ಎಂದುಕೊಂಡೇ ಖಾತೆ ತೆರೆಯುತ್ತಾನೆ. ಹಾಗಾಗಿಯೇ ನಿಷೇಧ, ಮಿತಿ ಎಂಬ ಹಳೆಯ ಕಾನ್ಸಸ್ ಮಾದರಿಯ ಉಪಾಯಗಳು ಮತ್ತೆ ಬಂದವು.

ಆ ಬೇಸಿಗೆಯಲ್ಲಿ ಯುರೋಪಿನಲ್ಲಿದ್ದ ನನ್ನ ಪರಿಚಿತರೊಬ್ಬರಿಗೆ ಅವರ ಬ್ರೋಕರ್ ಕಂಪನಿಯಿಂದ ಬಂದ ಮಿಂಚಂಚೆಯನ್ನು ಅವರು ನನಗೆ ತೋರಿಸಿದ್ದರು. ಹೊಸ ನಿಯಮಗಳಿಂದ ನಿಮಗೆ ಆಗುವ ಅನನುಕೂಲಕ್ಕೆ ವಿಷಾದವಿದೆ. ನೀವು ಬಯಸಿದರೆ ಹಿಂದಿನ ಲೆವರೇಜ್‌ನಲ್ಲೇ ಮುಂದುವರಿಯಬಹುದು, ಅದಕ್ಕೆ ನಮ್ಮ ಗುಂಪಿನ ಇನ್ನೊಂದು ಕಂಪನಿಗೆ ಖಾತೆ ವರ್ಗಾಯಿಸಲು ಕೆಳಗಿನ ಗುಂಡಿ ಒತ್ತಿ. ಗುಂಡಿ ಹಸಿರು ಬಣ್ಣದ್ದು. ಇನ್ನೊಂದು ಕಂಪನಿ ಯಾವ ದೇಶದ್ದು ಎಂಬುದು ಗುಂಡಿಯ ಕೆಳಗೆ, ಅದೇ ತಿಳಿಬೂದು ಅಕ್ಷರದಲ್ಲಿ ಇತ್ತು. ಅದು ಯುರೋಪಿನ ಯಾವ ಕಾನೂನಿಗೂ ಸಿಗದ ಒಂದು ದ್ವೀಪ. ಒಂದು ಒತ್ತಿಗೆ ಅವರ ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಅದೇ ಲಾಂಛನ, ಅದೇ ಪಾಸ್‌ವರ್ಡ್. ಹೋಗುತ್ತಿದ್ದದ್ದು ಲೆವರೇಜ್ ಮಿತಿ, ನಷ್ಟದ ಮಿತಿ, ಪರಿಹಾರ ನಿಧಿ, ದೂರು ಕೊಡುವ ಕಚೇರಿ.

ಇದು ಕಾನೂನುಬದ್ಧವೇ ಎಂದು ನೀವು ಕೇಳಬಹುದು. ಗ್ರಾಹಕ ತಾನೇ ಸ್ವಂತ ಇಚ್ಛೆಯಿಂದ ಹೊರದೇಶದ ಕಂಪನಿಯ ಬಾಗಿಲು ತಟ್ಟಿದರೆ, ಆ ಕಂಪನಿಗೆ ಸ್ಥಳೀಯ ಪರವಾನಗಿ ಬೇಡ ಎಂಬ ವಿನಾಯಿತಿ ಯುರೋಪಿನ ಕಾನೂನಿನಲ್ಲಿದೆ. ಈ ವಿನಾಯಿತಿಯನ್ನು ಹಿಡಿದುಕೊಂಡು ಕೆಲವು ಕಂಪನಿಗಳು ತಾಣದಲ್ಲಿ ಒಂದು ಚೌಕ ಇಟ್ಟವು: ‘ನಾನು ಸ್ವಂತ ಇಚ್ಛೆಯಿಂದಲೇ ಬಂದಿದ್ದೇನೆ ಎಂದು ಒಪ್ಪುತ್ತೇನೆ’. ಚೌಕಕ್ಕೆ ಗುರುತು ಹಾಕಿದರೆ ಮುಂದಿನ ಪುಟ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ನೀವೇ ಕರೆದು, ಕೂರಿಸಿ, ನಾನು ಕರೆಯದೆ ಬಂದೆ ಎಂದು ಬರೆಸಿಕೊಂಡರೆ ನಡೆಯುವುದಿಲ್ಲ ಎಂಬರ್ಥದ ಎಚ್ಚರಿಕೆಯನ್ನು ಎಸ್ಮಾ 2021ರ ಜನವರಿಯಲ್ಲಿ ಹೊರಡಿಸಬೇಕಾಯಿತು. ಬ್ರಿಟನ್ನಿನ ಪಾಸ್‌ಪೋರ್ಟ್ ಹಕ್ಕು ಅದರ ಹಿಂದಿನ ತಿಂಗಳಷ್ಟೇ ಮುಗಿದಿತ್ತು. ಲಂಡನ್ನಿನ ಕಂಪನಿಗಳೂ ಈ ಕಿಂಡಿಯನ್ನೇ ಬಾಗಿಲು ಮಾಡಿಕೊಂಡಾವೆಂಬ ಆತಂಕ ಆ ಎಚ್ಚರಿಕೆಯ ಹಿಂದಿತ್ತು.

ಪಾಸ್‌ಪೋರ್ಟ್ ಇಲ್ಲದ ದೇಶಗಳ ನಡುವೆ ಇರುವ ಇನ್ನೊಂದು ದಾರಿ ಮಾನ್ಯತೆ: ನಿಮ್ಮ ಕಾನೂನು ನಮ್ಮದಕ್ಕೆ ಸಮಾನವಾಗಿದೆ ಎಂದು ನಾವು ಒಪ್ಪುತ್ತೇವೆ, ಆದ್ದರಿಂದ ನಿಮ್ಮ ಸಂಸ್ಥೆ ಇಲ್ಲಿ ಬರಬಹುದು. ಹೆಸರು ತಾಂತ್ರಿಕ, ಒಳಗಿರುವುದು ಬಹಳ ಸಲ ರಾಜಕೀಯ. ಸ್ವಿಸ್ ಷೇರುಪೇಟೆಗೆ ಕೊಟ್ಟಿದ್ದ ಸಮಾನತೆಯನ್ನು ಯುರೋಪಿನ ಒಕ್ಕೂಟ 2019ರ ಜೂನ್ 30ಕ್ಕೆ ಮುಗಿಯಲು ಬಿಟ್ಟಿತು. ಸ್ವಿಸ್ ಕಾನೂನು ಅಷ್ಟರಲ್ಲಿ ಎಳ್ಳಷ್ಟೂ ಬದಲಾಗಿರಲಿಲ್ಲ; ನಡೆಯುತ್ತಿದ್ದದ್ದು ಬೇರೆಯೇ ಒಪ್ಪಂದದ ಚೌಕಾಸಿ. ಮರುದಿನದಿಂದಲೇ ಸ್ವಿಟ್ಜರ್ಲೆಂಡ್ ತನ್ನ ಕಂಪನಿಗಳ ಷೇರುಗಳನ್ನು ಒಕ್ಕೂಟದ ಪೇಟೆಗಳಲ್ಲಿ ವಹಿವಾಟು ಮಾಡದಂತೆ ನಿರ್ಬಂಧಿಸಿ ಸೇರಿಗೆ ಸವ್ವಾಸೇರು ಕೊಟ್ಟಿತು.

ಇನ್ನೊಂದು ಉದಾಹರಣೆ ಭಾರತದ್ದು. ವಹಿವಾಟಿನ ಎರಡೂ ಕಡೆಯವರ ನಡುವೆ ನಿಂತು ಲೆಕ್ಕ ಚುಕ್ತಾ ಮಾಡಿಸುವ ಕ್ಲಿಯರಿಂಗ್ ಕಾರ್ಪೊರೇಷನ್‌ಗಳಿವೆಯಲ್ಲ, ಅಂಥ ಆರು ಭಾರತೀಯ ಸಂಸ್ಥೆಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಳ್ಳುವುದಾಗಿ ಎಸ್ಮಾ 2022ರ ಅಕ್ಟೋಬರ್ 31ರಂದು ಪ್ರಕಟಿಸಿತು. ಆ ಸಂಸ್ಥೆಗಳು ದುರ್ಬಲ ಎಂದು ಯಾರೂ ಹೇಳಲಿಲ್ಲ. ಜಗಳವೆಲ್ಲ ಸಹಕಾರ ಒಪ್ಪಂದದ್ದು: ಯುರೋಪಿನ ಬ್ಯಾಂಕುಗಳು ಬಳಸುವ ಸಂಸ್ಥೆಯ ಮೇಲೆ ತನಗೂ ಉಸ್ತುವಾರಿ, ತಪಾಸಣೆಯ ಅಧಿಕಾರ ಬೇಕೆಂದು ಎಸ್ಮಾ ಕೇಳಿತು, ನಮ್ಮ ನೆಲದ ಸಂಸ್ಥೆಯನ್ನು ನಾವು ನೋಡಿಕೊಳ್ಳುತ್ತಿದ್ದೇವೆ, ಅದನ್ನು ನಂಬಿ ಎಂಬುದು ಭಾರತದ ನಿಲುವಾಗಿತ್ತು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ನೋಂದಾಯಿತವಾದ ಚೀನೀ ಕಂಪನಿಗಳ ಆಡಿಟ್ ಕಡತಗಳನ್ನು ಅಮೆರಿಕದ ತಪಾಸಕರು ತೆರೆಯಬಹುದೇ ಎಂಬ ವರ್ಷಗಳ ಜಗ್ಗಾಟವೂ ಇದೇ ಬಗೆಯದು. ಅಮೆರಿಕ 2020ರಲ್ಲಿ, ಕಡತ ತೋರಿಸದಿದ್ದರೆ ಪೇಟೆಯಿಂದಲೇ ಹೊರಹಾಕುವ ಕಾಯ್ದೆ ಮಾಡಿದ ಮೇಲೆ, 2022ರ ಆಗಸ್ಟ್‌ನಲ್ಲಿ ಒಪ್ಪಂದ ಕುದುರಿ, ತಪಾಸಕರು ಹಾಂಗ್‌ಕಾಂಗ್‌ನಲ್ಲಿ ಕೂತು ಕಡತ ನೋಡಿದರು. ಯಾರ ಲೆಕ್ಕದ ಪುಸ್ತಕವನ್ನು ಯಾರು ತೆರೆಯಬಹುದು ಎಂಬ ಒಂದೇ ಪ್ರಶ್ನೆಯಲ್ಲಿ ಅಂತರರಾಷ್ಟ್ರೀಯ ನಿಯಂತ್ರಣದ ಅರ್ಧ ಕಥೆ ಅಡಗಿದೆ ಎಂದು ನನಗನ್ನಿಸುತ್ತದೆ.

ಪುಸ್ತಕ ತೆರೆದು ತಾಳೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕ್ ಸಾಕ್ಷಿ. ಸಿಂಗಪುರದ ಶಾಖೆಯಲ್ಲಿದ್ದ ನಿಕ್ ಲೀಸನ್ 88888 ಸಂಖ್ಯೆಯ ಒಂದು ಖಾತೆಯಲ್ಲಿ ನಷ್ಟವನ್ನು ಮುಚ್ಚಿಡುತ್ತಾ ಬಂದ. ಜಪಾನಿನ ಷೇರು ಸೂಚ್ಯಂಕದ ಮೇಲೆ ಅವನ ವಹಿವಾಟು ಒಸಾಕಾ ಮತ್ತು ಸಿಂಗಪುರ ಎರಡೂ ಪೇಟೆಗಳಲ್ಲಿ ಇತ್ತು. ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರಿ, ಬೆಲೆಯ ಸಣ್ಣ ವ್ಯತ್ಯಾಸದಲ್ಲಿ ಲಾಭ ಮಾಡುತ್ತಿದ್ದಾನೆ, ಅಪಾಯವೇನೂ ಇಲ್ಲ ಎಂದು ಎಲ್ಲರೂ ನಂಬಿದ್ದರು. ವಾಸ್ತವದಲ್ಲಿ ಅವನು ಎರಡೂ ಕಡೆ ಕೊಂಡಿದ್ದ. ಒಸಾಕಾದ ಪುಸ್ತಕವನ್ನೂ ಸಿಂಗಪುರದ ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಬಯಲಾಗುತ್ತಿದ್ದ ಸಂಗತಿ ಅದು. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ ಜಪಾನಿನ ಪೇಟೆ ಬಿತ್ತು. ಫೆಬ್ರವರಿ ಕೊನೆಯ ಹೊತ್ತಿಗೆ 82.7 ಕೋಟಿ ಪೌಂಡ್ ನಷ್ಟದಲ್ಲಿ ಎರಡು ಶತಮಾನಕ್ಕೂ ಹಳೆಯ ಬ್ಯಾಂಕ್ ಮುಳುಗಿ, ಡಚ್ ಸಂಸ್ಥೆಯೊಂದಕ್ಕೆ ಒಂದು ಪೌಂಡ್‌ಗೆ ಮಾರಾಟವಾಯಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅದೇ ವರ್ಷದ ಮೇ ತಿಂಗಳಲ್ಲಿ 16 ದೇಶಗಳ ನಿಯಂತ್ರಕರು ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ಸೇರಿ, ದೊಡ್ಡ ಗಾತ್ರದ ವಹಿವಾಟುಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಘೋಷಣೆ ಹೊರಡಿಸಿದರು.

ಆಮೇಲೆ ಆ ಸಹಕಾರ ಬೆಳೆದಿದೆ. 1983ರಲ್ಲಿ ಹುಟ್ಟಿ ಈಗ ಮ್ಯಾಡ್ರಿಡ್‌ನಲ್ಲಿ ಕಚೇರಿ ಇಟ್ಟುಕೊಂಡಿರುವ ನಿಯಂತ್ರಕರ ಅಂತರರಾಷ್ಟ್ರೀಯ ಕೂಟ ಐಯೋಸ್ಕೋ 2002ರಲ್ಲಿ ಒಂದು ಬಹುಪಕ್ಷೀಯ ಒಪ್ಪಂದ ತಂದಿತು. ಅದಕ್ಕೆ ಸಹಿ ಹಾಕಿದ ನಿಯಂತ್ರಕ, ಇನ್ನೊಂದು ದೇಶದವರು ಕೇಳಿದರೆ ಬ್ಯಾಂಕ್ ದಾಖಲೆ, ಬ್ರೋಕರ್ ದಾಖಲೆ, ಖಾತೆಯ ಹಿಂದಿರುವ ನಿಜವಾದ ಮಾಲೀಕರ ಹೆಸರು ಕೊಡಬೇಕು. ಸಹಿ ಹಾಕಬೇಕೆಂಬ ಕಾರಣಕ್ಕೇ ಹಲವು ದೇಶಗಳು ತಮ್ಮ ಬ್ಯಾಂಕ್ ಗೌಪ್ಯತೆಯ ಕಾನೂನು ಸಡಿಲಿಸಿದವು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಅದು. ಆದರೆ ಆ ಒಪ್ಪಂದ ಅಪರಾಧಿಯನ್ನು ಹಿಡಿಯಲು ನೆರವಾಗುತ್ತದೆಯೇ ಹೊರತು, ಹೂಡಿಕೆದಾರನ ಹಣ ವಾಪಸು ತರಿಸುವ ಹೊಣೆ ಅದರಲ್ಲಿಲ್ಲ.

ಬೇರೆ ದೇಶದ ಕೋರ್ಟಿಗೆ ಹೋದರಾಗದೇ? ಆಸ್ಟ್ರೇಲಿಯಾದ ಕೆಲವು ಹೂಡಿಕೆದಾರರು ಹೋಗಿ ನೋಡಿದರು. ನ್ಯಾಷನಲ್ ಆಸ್ಟ್ರೇಲಿಯಾ ಬ್ಯಾಂಕಿನ ಷೇರನ್ನು ಆಸ್ಟ್ರೇಲಿಯಾದ ಪೇಟೆಯಲ್ಲಿ ಕೊಂಡಿದ್ದ ಅವರು, ಆ ಬ್ಯಾಂಕಿನ ಫ್ಲಾರಿಡಾದ ಸಾಲ ಸಂಸ್ಥೆಯ ಲೆಕ್ಕದಲ್ಲಿ ಮೋಸ ಆಗಿದೆ ಎಂದು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಮೋಸ ನಡೆದ ಜಾಗ ಅಮೆರಿಕವೇ ಅಲ್ಲವೇ ಎಂಬುದು ಅವರ ವಾದ. ಅಮೆರಿಕದ ಪೇಟೆಯಲ್ಲಿ ನೋಂದಾಯಿತವಾದ ಷೇರಿನ ವಹಿವಾಟು ಅಥವಾ ಅಮೆರಿಕದೊಳಗೆ ನಡೆದ ವಹಿವಾಟು ಇವೆರಡಕ್ಕೆ ಮಾತ್ರ ಈ ಕಾನೂನು ಅನ್ವಯ ಎಂದು ಸುಪ್ರೀಂ ಕೋರ್ಟ್ 2010ರ ಜೂನ್‌ನಲ್ಲಿ ತೀರ್ಪಿತ್ತಿತು. ನೋಡಿದ್ದು ಮೋಸ ಎಲ್ಲಿ ಆಯಿತು ಎಂಬುದನ್ನಲ್ಲ, ಷೇರು ಎಲ್ಲಿ ಕೈ ಬದಲಾಯಿತು ಎಂಬುದನ್ನು.

ಕೊನೆಗೆ, ಕಂಪನಿಯೇ ಮುಳುಗಿದರೆ? ಇಲ್ಲಿ ನಿಯಮದ ಒಂದು ಸಾಲು ಕೋಟಿಗಟ್ಟಲೆ ಹಣದ ವ್ಯತ್ಯಾಸ ಮಾಡುತ್ತದೆ. ಗ್ರಾಹಕನ ಷೇರು, ಗ್ರಾಹಕನ ಹಣ ಬ್ರೋಕರ್‌ನ ಸ್ವಂತ ಆಸ್ತಿಯಿಂದ ಬೇರೆಯಾಗಿ ಇರಬೇಕೆಂಬುದು ಹೆಚ್ಚುಕಡಿಮೆ ಎಲ್ಲ ದೇಶಗಳ ನಿಯಮ. ಆದರೆ ಸಾಲ ಪಡೆದು ವ್ಯವಹರಿಸುವ ಗ್ರಾಹಕನ ಷೇರನ್ನು ಬ್ರೋಕರ್ ತಾನೇ ಅಡವಿಟ್ಟು ಹಣ ಎತ್ತಬಹುದು. ಅಮೆರಿಕದಲ್ಲಿ ಇದಕ್ಕೆ ಮಿತಿಯಿದೆ: ಗ್ರಾಹಕನ ಸಾಲದ ಶೇ 140ರಷ್ಟು ಮೌಲ್ಯದ ಷೇರು ಮಾತ್ರ. ಲಂಡನ್ನಿನಲ್ಲಿ ಅಂಥ ಮಿತಿ ಇರಲಿಲ್ಲ; ಕರಾರಿನಲ್ಲಿ ಒಪ್ಪಿದ್ದರೆ ಎಲ್ಲವನ್ನೂ ಅಡವಿಡಬಹುದಿತ್ತು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾದಾಗ, ಅದರ ಲಂಡನ್ ಕಂಪನಿಯಲ್ಲಿ ಖಾತೆ ಇಟ್ಟಿದ್ದ ದೊಡ್ಡ ದೊಡ್ಡ ಫಂಡುಗಳು ತಮ್ಮ ಷೇರು ತಮ್ಮದಾಗಿ ಉಳಿದಿದೆಯೋ, ಅಥವಾ ತಾವು ಬರಿಯ ಸಾಲ ಕೊಟ್ಟವರ ಸಾಲಿನಲ್ಲಿ ನಿಂತವರೋ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕಾಯಿತು. ವಕೀಲರ ದಂಡನ್ನೇ ಇಟ್ಟುಕೊಂಡವರ ಪಾಡು ಇದು.

ನ್ಯೂಯಾರ್ಕಿನ ಹೂಡಿಕೆ ವಂಚಕ ಮೇಡಾಫ್‌ನ ಪ್ರಕರಣ ಇದಕ್ಕಿಂತ ವಿಚಿತ್ರ. 2008ರ ಡಿಸೆಂಬರ್‌ನಲ್ಲಿ ಅವನು ಸಿಕ್ಕಿಬಿದ್ದಾಗ ಗ್ರಾಹಕರ ಪಟ್ಟಿಗಳಲ್ಲಿ ಸುಮಾರು 6,500 ಕೋಟಿ ಡಾಲರ್ ಇತ್ತು, ಪಟ್ಟಿಗಳಲ್ಲಿ ಮಾತ್ರ. ಲಕ್ಸೆಂಬರ್ಗ್‌ನ ಕೆಲವು ಫಂಡುಗಳೂ ಅವನ ಬಳಿ ಹಣ ಇಟ್ಟಿದ್ದವು. ಯುರೋಪಿನ ನಿಯಮದಂತೆ ಫಂಡಿನ ಆಸ್ತಿ ಕಾಯಲು ಒಂದು ಬ್ಯಾಂಕ್ ಇರಲೇಬೇಕು. ಆ ಕಾಯುವ ಕೆಲಸ ಹಸ್ತಾಂತರವಾಗುತ್ತಾ ಕೊನೆಗೆ ಮೇಡಾಫ್‌ನ ಕೈಗೇ ಸೇರಿತ್ತು. ಬೇಲಿಯೇ ಹೊಲ ಮೇಯ್ದದ್ದು ಎಂದರೆ ಅಕ್ಷರಶಃ ಇದೇ. ಕಾಯಬೇಕಾದ ಬ್ಯಾಂಕ್ ಹಣ ತುಂಬಿಕೊಡಬೇಕೇ ಎಂಬ ಪ್ರಶ್ನೆಗೆ, ಒಂದೇ ನಿರ್ದೇಶನವನ್ನು ಓದಿದ ಫ್ರಾನ್ಸ್ ಒಂದು ಅರ್ಥ ಹೇಳಿತು, ಲಕ್ಸೆಂಬರ್ಗ್ ಇನ್ನೊಂದು ಹೇಳಿತು. ಕಾಯುವ ಬ್ಯಾಂಕಿನ ಹೊಣೆಯನ್ನು ಸ್ಪಷ್ಟ ಮಾಡುವ ತಿದ್ದುಪಡಿ 2014ರಲ್ಲಿ ಬಂದು, 2016ರಲ್ಲಿ ಜಾರಿಯಾಯಿತು.

ಪರಿಹಾರ ನಿಧಿಗಳ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಬ್ರೋಕರ್ ಮುಳುಗಿ ಗ್ರಾಹಕನ ಆಸ್ತಿ ಕಾಣೆಯಾದರೆ ಅಮೆರಿಕದ ನಿಧಿ ಐದು ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಅದರಲ್ಲಿ ನಗದಿಗೆ ಎರಡೂವರೆ ಲಕ್ಷದ ಮಿತಿ. ಬ್ರಿಟನ್ನಿನಲ್ಲಿ ಹೂಡಿಕೆಗೆ 85,000 ಪೌಂಡ್. ಯುರೋಪಿನ ಒಕ್ಕೂಟದಲ್ಲಿ ಕನಿಷ್ಠ 20,000 ಯೂರೋ. 1997ರಲ್ಲಿ ನಿಗದಿಯಾದ ಈ ಮೊತ್ತ ಇಂದಿಗೂ ಅಲ್ಲೇ ಇದೆ. ದ್ವೀಪದ ಕಂಪನಿಗಳಲ್ಲಿ ಬಹುಪಾಲು ಏನೂ ಇಲ್ಲ. ಇವು ಷೇರಿನ ಬೆಲೆ ಬಿದ್ದದ್ದಕ್ಕೆ ಸಿಗುವ ಪರಿಹಾರವಲ್ಲ ಎಂಬುದನ್ನು ಪ್ರತಿ ಉಪನ್ಯಾಸದಲ್ಲೂ ಹೇಳುತ್ತೇನೆ, ಪ್ರತಿ ಉಪನ್ಯಾಸದ ನಂತರವೂ ಯಾರಾದರೂ ಒಬ್ಬರು ಬಂದು ಅದನ್ನೇ ಕೇಳುತ್ತಾರೆ.

ಹಾಗಾದರೆ ಬೂದು ಪ್ಯಾರಾದಲ್ಲಿ ಬರೆದದ್ದು ನಿಜವೇ ಎಂದು ನೋಡುವುದು ಹೇಗೆ? ಪ್ರತಿ ನಿಯಂತ್ರಕ ಸಂಸ್ಥೆಯೂ ತಾನು ಪರವಾನಗಿ ಕೊಟ್ಟವರ ಪಟ್ಟಿಯನ್ನು ತನ್ನ ತಾಣದಲ್ಲಿ ಇಟ್ಟಿರುತ್ತದೆ. ಕೆಲವು ಸಲ ಪಟ್ಟಿಯೇ ಉತ್ತರ ಹೇಳಿಬಿಡುತ್ತದೆ. ಸೇಂಟ್ ವಿನ್ಸೆಂಟ್ ಅಂಡ್ ಗ್ರೆನಡೀನ್ಸ್ ದ್ವೀಪದ ‘ನೋಂದಣಿ’ಯನ್ನು ತೋರಿಸಿಕೊಂಡು ಎಷ್ಟೋ ಫಾರೆಕ್ಸ್ (ಕರೆನ್ಸಿ ವಹಿವಾಟಿನ) ಕಂಪನಿಗಳು ವ್ಯಾಪಾರ ನಡೆಸಿದವು, ನಾವು ಫಾರೆಕ್ಸ್ ವ್ಯವಹಾರಕ್ಕೆ ಪರವಾನಗಿಯನ್ನೇ ಕೊಡುವುದಿಲ್ಲ ಎಂದು ಅಲ್ಲಿನ ಪ್ರಾಧಿಕಾರ ಬಹಿರಂಗವಾಗಿ ಹೇಳಿದೆ. ಕಂಪನಿ ನೋಂದಾಯಿಸುವುದು ಬೇರೆ, ಹೂಡಿಕೆ ಸೇವೆಗೆ ಪರವಾನಗಿ ಪಡೆಯುವುದು ಬೇರೆ.

ಇನ್ನು ಕೆಲವು ಸಲ ಪಟ್ಟಿಯಲ್ಲಿ ಹೆಸರೂ ಇರುತ್ತದೆ, ಪರವಾನಗಿ ಸಂಖ್ಯೆಯೂ ಸರಿಯಾಗಿರುತ್ತದೆ, ವಿಳಾಸವೂ ಹೊಂದುತ್ತದೆ, ಆದರೂ ನಿಮಗೆ ಕರೆ ಮಾಡಿದವನು ಆ ಕಂಪನಿಯವನಲ್ಲ. ನಿಜವಾದ ಕಂಪನಿಯ ವಿವರಗಳನ್ನೆಲ್ಲ ನಕಲು ಮಾಡಿ ನಡೆಸುವ ಇಂಥವುಗಳನ್ನು ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಎಫ್‌ಸಿಎ ‘ಕ್ಲೋನ್’ ಕಂಪನಿಗಳೆಂದು ಕರೆಯುತ್ತದೆ. ಎಲ್ಲವನ್ನೂ ನಕಲು ಮಾಡಿದವನು ಒಂದನ್ನು ಮಾತ್ರ ನಕಲು ಮಾಡಲಾರ, ಅದು ನೀವು ತಿರುಗಿ ಕರೆ ಮಾಡಲೆಂದು ಅವನು ಕೊಡುವ ಫೋನ್ ನಂಬರ್. ಮಾಡಿದರೆ ಕರೆ ನಿಜವಾದ ಕಂಪನಿಗೇ ಹೋಗುತ್ತದೆ. ಹಾಗಾಗಿ ಅವನು ಕೊಟ್ಟ ನಂಬರನ್ನು ಪಕ್ಕಕ್ಕಿಟ್ಟು, ಎಫ್‌ಸಿಎ ಪಟ್ಟಿಯಲ್ಲಿರುವ ನಂಬರ್‌ಗೆ ನೀವೇ ಕರೆ ಮಾಡಿ, ಇಂಥ ಹೆಸರಿನವರು ನಿಮ್ಮಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಕೇಳಬೇಕು.